ಬೆರಳಿಗೆ ಸಿಕ್ಕ ಹೆಸರು

ಶಹರ್ಬಾನುವಿಗೆ ಅಕ್ಷರ ಬರುತ್ತಿರಲಿಲ್ಲ. ಯಾವ ಭಾಷೆಯದೂ. ಆರ್.ಟಿ. ನಗರದ ವಾಸುವಿನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಅವಳು ಮೂರು ವರ್ಷದಿಂದ ಬರುತ್ತಿದ್ದರೂ ಅವನಿಗೆ ಅದು ಗೊತ್ತಾದದ್ದು ಇವತ್ತು.

"ಚಿತ್ರ ಸರಿಹೋಯ್ತು ಅಂದ್ಯಲ್ಲಪ್ಪಾ, ಎಲ್ಲಿ?" ಅವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಹನ್ನೆರಡು ಕಸೂತಿ ಡಿಸೈನುಗಳು ಬಣ್ಣಬಣ್ಣವಾಗಿ ಕಾಣುತ್ತಿದ್ದವು. "ಇವು ಮಿಷನ್ ಜೊತೇಲೇ ಬಂದಿದ್ದು. ನಾನು ಬಿಡಿಸಿದ್ದು ಎಲ್ಲಿ?"

"ಯಾವ ಹೆಸರಲ್ಲಿ ಸೇವ್ ಮಾಡಿದ್ರಿ ಆಪಾ?"

"ಹೆಸರು ಎಲ್ಲಿಂದ ಇಡ್ಲಿ? ನಂಗೆ ಓದು ಬರಲ್ವಲ್ಲ. ಅದು ಹೆಸರು ಕೇಳುತ್ತೆ, ನಾನು ಹಿಂಗೆ," ಎಂದು ಕೀಬೋರ್ಡಿನ ಮೇಲೆ ನಾಲ್ಕು ಬೆರಳು ಬಡಿದಳು, "ಕುಟ್ಟಿ ಬಿಡ್ತೀನಿ. ಬೇಕಾದಾಗ ಚಿತ್ರ ನೋಡಿ ತೆಗೀತೀನಿ. ನಿನ್ ಥರ ಪಂಡಿತ್ರು ನಗಬೇಕು ಅಷ್ಟೇ." ತಾನೇ ನಕ್ಕಳು.

ವಾಸು ನಗಲಿಲ್ಲ. ಪರದೆಯ ಮೂಲೆಯಲ್ಲಿ ಅವಳು ಈಗ ಕುಟ್ಟಿದ ನಾಲ್ಕು ಅಕ್ಷರ ಮಿನುಗುತ್ತಿದ್ದವು. ಇಂಥವನ್ನು ಅವನು ಶನಿವಾರ ಸಾಲುಸಾಲಾಗಿ ನೋಡಿದ್ದ.

ಶಹರ್ಬಾನು ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ರವಿಕೆ ತೋಳಿಗೆ, ಬೆನ್ನಿಗೆ ಕಸೂತಿ ಹಾಕುವವಳು. ಚಿತ್ರಗಳೆಲ್ಲ ಬಿಳಿ ಕಾಗದವಾಗಿವೆ ಎಂದು ಹೋದ ವಾರ ಸಿಪಿಯು ಆಟೋದಲ್ಲಿ ತಂದಿದ್ದಳು. ಕಸೂತಿಯ ಪ್ರೋಗ್ರಾಂ ಕೆಟ್ಟಿತ್ತು. ವಾಸು ಅದನ್ನು ತೆಗೆದು ಹೊಸದು ಹಾಕುವ ಮುಂಚೆ, ಹಳೆಯದರ ಫೋಲ್ಡರಿನಲ್ಲಿ ಉಳಿದಿದ್ದ ಕಸವನ್ನೂ ಗುಡಿಸಿದ. ಅದು ಅವನ ಪದ್ಧತಿ. ಬೇರು ಸಮೇತ ಕಿತ್ತಿದೀನಿ ಎಂದು ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದ. ಫೋಲ್ಡರಿನ ತುಂಬ ಚಿತ್ರವಿಲ್ಲದ ಬಿಳಿ ಫೈಲುಗಳು, ತಲೆಬುಡವಿಲ್ಲದ ಹೆಸರುಗಳು. ಒಂದನ್ನಾದರೂ ತೆರೆದು ನೋಡಬಹುದಿತ್ತು. ಒಂದು ಫೋನ್ ಮಾಡಬಹುದಿತ್ತು. ಊಟದ ಹೊತ್ತಾಗಿತ್ತು. ಕಂಪ್ಯೂಟರಿನ ಕಸದ ಬುಟ್ಟಿಗೂ ಬೀಳದ ಹಾಗೆ ಅಳಿಸಿ, ಕೈ ತೊಳೆದು ಡಬ್ಬಿ ಬಿಚ್ಚಿದ್ದ. ಅಳಿಸಿದ ಫೈಲು ಇನ್ನೂರ ಹದಿನಾಲ್ಕು ಎಂದು ಪರದೆ ತೋರಿಸಿದ್ದು ನೆನಪಿತ್ತು. ಎಷ್ಟೊಂದು ಕಸ ಎಂದುಕೊಂಡಿದ್ದ.

"ಸುಮೈರಾ ಏನೋ ಒತ್ತಿರ್ಬೇಕು," ಎಂದಳು ಶಹರ್ಬಾನು. "ಅವತ್ತು ಬಿಳಿ ಆದಾಗ್ಲೇ ಮಗಳಿಗೆ ಎರಡು ಬಾರಿಸ್ದೆ."

"ಇಲ್ಲ ಆಪಾ, ಅವಳ ತಪ್ಪಲ್ಲ."

"ಮತ್ತೆ ಯಾರ್ದು?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. "ವೈರಸ್ಸು," ಎಂದ. "ತಿಂದ್ಹಾಕ್ಬಿಟ್ಟಿದೆ."

"ಅದು ಎಲ್ಲಿಂದ ಬರುತ್ತೆ?"

"ಪೆನ್‌ಡ್ರೈವಲ್ಲಿ ಬರುತ್ತೆ, ಸಾಮಾನ್ಯವಾಗಿ."

ಅವಳ ಮುಖ ಬಿಗಿಯಾಯಿತು. "ಕಾಲೇಜಿಂದ ಪೆನ್‌ಡ್ರೈವ್ ತಂದು ಚುಚ್ಚೋದು ಅವಳೊಬ್ಳೇ."

"ಆಪಾ, ಹಂಗಲ್ಲ..."

ಅಷ್ಟರಲ್ಲಿ ಫೋನ್ ಕಿವಿಗೆ ಹೋಗಿತ್ತು. ಅವಳ ಜೋರು ಉರ್ದುವಿನ ನಡುವೆ ಪೆನ್‌ಡ್ರೈವ್ ಎಂಬ ಒಂದು ಮಾತು ವಾಸುವಿಗೆ ಚೆನ್ನಾಗಿ ತಿಳಿಯಿತು. ಆ ಕಡೆ ಹುಡುಗಿ ಅಳತೊಡಗಿದ್ದೂ ಕೇಳಿಸಿತು. ಅವನು ಸ್ಕ್ರೂಡ್ರೈವರ್ ಎತ್ತಿಕೊಂಡು, ಬಿಗಿಯಾಗಿಯೇ ಇದ್ದ ಸ್ಕ್ರೂ ಒಂದನ್ನು ಬಿಗಿ ಮಾಡಿದ.

ಫೋನಿಟ್ಟು ಅವಳು ದುಪಟ್ಟಾದ ತುದಿಯಿಂದ ಮುಖ ಒರೆಸಿಕೊಂಡಳು. "ಮದುವೆ ಮನೆಯೋರು ನಾಳೆ ಡಿಸೈನ್ ನೋಡೋಕೆ ಬರ್ತಾರೆ. ನವಿಲಿಂದು ಕೊಕ್ಕೊಂದು ಬಿಡಿಸೋಕೇ ಎರಡು ದಿನ ಕೂತಿದ್ದೆ ಕಣಪ್ಪಾ."

"ಇಟ್ಟು ಹೋಗಿ. ಹುಡುಕಿ ನೋಡ್ತೀನಿ."

"ನೋಡು. ನಿನ್ನ ತಪ್ಪೇನಿದೆ, ನೀನು ಸರಿ ಮಾಡೋನು." ಹೋಗುವಾಗ ಚೀಲದಿಂದ ಪೇಪರಿನಲ್ಲಿ ಸುತ್ತಿದ ರವಿಕೆ ತೆಗೆದು ಮೇಜಿನ ಮೇಲಿಟ್ಟಳು. "ನಿನ್ ಹೆಂಡ್ತಿಗೆ. ಮರೆತೇಬಿಟ್ಟಿದ್ದೆ."

ಅಳಿಸಿದ್ದನ್ನು ಹುಡುಕುವ ಪ್ರೋಗ್ರಾಂ ಸಂಜೆ ಐದರವರೆಗೆ ಓಡಿತು. ವಾಸು ಊಟ ಮಾಡಲಿಲ್ಲ. ರವಿಕೆಯ ಬೆನ್ನಿನ ಮೇಲೆ ನೀಲಿ ನವಿಲೊಂದು ಕೊಕ್ಕು ತಿರುಗಿಸಿ ಕೂತಿತ್ತು. ಪರದೆಯ ಮೇಲೆ ಬಂದದ್ದು ಎರಡು ಮಾವಿನಕಾಯಿ, ಒಂದು ಹೂಬಳ್ಳಿಯ ಅಂಚು.

ಸಿಕ್ಕಿದ್ದು ಮೂರು. ಹೋದದ್ದು ಇನ್ನೂರ ಹನ್ನೊಂದು.