ಅರವತ್ತೆರಡು ಪಾಯಿಂಟ್ ಒಂದು

ಗಡಿಯಾರದ ಗುಂಡಿ ಒತ್ತಿರಲೇ ಇಲ್ಲ. ಅದು ಓಡೋನ್‌ನಿಗೆ ತಿಳಿದದ್ದು ಗೆರೋ ಈಜುತ್ತಾ ಅರ್ಧ ಕೊಳ ದಾಟಿದ ಮೇಲೆ. ಅಂಗೈಯಲ್ಲಿದ್ದ ಗಡಿಯಾರದ ಮುಳ್ಳು ಸೊನ್ನೆಯ ಮೇಲೆ ನೆಟ್ಟಗೆ ನಿಂತಿತ್ತು.

ಪಂದ್ಯ ಶುರುಮಾಡುವ ಪಿಸ್ತೂಲಿನ ಹೊಗೆ ಕಂಡೊಡನೆ ಒತ್ತಬೇಕು, ಸದ್ದಿಗೆ ಕಾಯಬಾರದು. ಇದನ್ನು ಹಾಲ್ಮೊಶ್ ಓಡೋನ್‌ನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಯುದ್ಧದಲ್ಲಿ ಫಿರಂಗಿಯ ಮಿಂಚಿಗೂ ಸದ್ದಿಗೂ ನಡುವಿನ ಸೆಕೆಂಡು ಎಣಿಸಿ ಶತ್ರು ಎಷ್ಟು ದೂರ ಎಂದು ಹೇಳುತ್ತಿದ್ದವನು. ಆಮೇಲೆ ಹದಿಮೂರು ವರ್ಷ ಬುಡಾಪೆಸ್ಟಿನಲ್ಲಿ ಗಣಿತದ ಮೇಷ್ಟ್ರು. ಇವತ್ತೂ ಹೊಗೆ ಕಂಡಿತ್ತು. ಚೆನ್ನಾಗಿಯೇ ಕಂಡಿತ್ತು. ಅದು ಡ್ಯಾನ್ಯೂಬಿನ ಕಡೆಗೆ ತೇಲಿಹೋಗುವುದನ್ನು ನೋಡುತ್ತಾ, ಇದರಿಂದ ನನಗೇನಾಗಬೇಕು ಎಂದುಕೊಂಡದ್ದೂ ನೆನಪಿದೆ. ಬೆರಳು ಮಾತ್ರ ಅಲ್ಲಾಡಿರಲಿಲ್ಲ.

ಆ ವರ್ಷ, ೧೯೩೧ರಲ್ಲಿ, ಯುರೋಪಿಗೆಲ್ಲ ಪಂದ್ಯದ ಹುಚ್ಚು. ಇವತ್ತು ವಿಯೆನ್ನಾ, ನಾಳೆ ಪ್ಯಾರಿಸ್. ಯುದ್ಧದಲ್ಲಿ ಮೂರರಲ್ಲಿ ಎರಡು ಪಾಲು ನೆಲ ಕಳಕೊಂಡ ಅವನ ದೇಶ ಈಗ ಸೆಕೆಂಡಿನ ಚೂರುಗಳಲ್ಲಿ ಮಾನ ಹುಡುಕುತ್ತಿತ್ತು. ಪ್ಯಾರಿಸ್ಸಿಗೆ ಹೊರಟ ಈಜುಗಾರರ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ನೂರು ಮೀಟರನ್ನು ಅರವತ್ತೆರಡು ಸೆಕೆಂಡಿನೊಳಗೆ ಮುಗಿಸಿದರೆ ಅದು ವಾದಾಸ್ ಗೆರೋನದು, ಒಂದು ಚೂರು ಹೆಚ್ಚಾದರೂ ಅಲ್ಲ. ಇಪ್ಪತ್ತೆರಡರ ಗೆರೋ ಒಂದು ಕಾಲಕ್ಕೆ ಓಡೋನ್‌ನ ವಿದ್ಯಾರ್ಥಿ. ಈಗ ಬೆಳಗಿನ ಜಾವ ಅಪ್ಪನ ಬೇಕರಿಯಲ್ಲಿ ಹಿಟ್ಟು ನಾದಿ, ಅದೇ ತೋಳಿನಲ್ಲಿ ಈಜಲು ಬರುತ್ತಿದ್ದ.

ಗೆರೋ ಗೋಡೆ ಮುಟ್ಟಿದ. ಓಡೋನ್ ಉಳಿದಿಬ್ಬರ ಜೊತೆಗೇ ಹೆಬ್ಬೆರಳು ಮಡಚಿದ, ಒತ್ತಿದವನ ಹಾಗೆ.

ಸಮಯ ಹಿಡಿಯುವವರು ಮೂವರು. ಇಬ್ಬರದು ಕೂಡಿಬಂದರೆ ಅದೇ ಸರಿ. ಮೂವರದೂ ಬೇರೆಯಾದರೆ ನಡುವಿನದು. ಹಿರಿತನದ ಪ್ರಕಾರ ಬಾಯಲ್ಲಿ ಹೇಳುವುದು ವಾಡಿಕೆ. ಗಡಿಯಾರ ತೋರಿಸಿ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಎಲ್ಲರೂ ಮರ್ಯಾದಸ್ಥರು.

ಹಲ್ಲಿನ ಡಾಕ್ಟರು ರೇದೈ ಮೊದಲು ಹೇಳಿದರು. "ಅರವತ್ತೊಂದು ಪಾಯಿಂಟ್ ಎಂಟು."

"ನಂದು ಅರವತ್ತೆರಡು ಪಾಯಿಂಟ್ ನಾಲ್ಕು," ಎಂದ ಟ್ರಾಮ್ ಕಚೇರಿಯ ಕೋಚಿಶ್. "ಹಲ್ಲು ಕಿತ್ತೂ ಕಿತ್ತೂ ಡಾಕ್ಟ್ರ ಕೈಗೆ ಅವಸರ ಜಾಸ್ತಿ."

ಡಾಕ್ಟರು ನಕ್ಕರು. ಇಬ್ಬರೂ ಓಡೋನ್‌ನ ಕಡೆಗೆ ತಿರುಗಿದರು.

ಒತ್ತಲಿಲ್ಲ ಎನ್ನಬಹುದಿತ್ತು. ಗೆರೋ ಇನ್ನೊಮ್ಮೆ ಈಜುತ್ತಿದ್ದ, ಅಷ್ಟೆ. ಡಾಕ್ಟರ ಸಂಖ್ಯೆಯನ್ನೇ ತಾನೂ ಹೇಳಿದ್ದರೆ ಹುಡುಗ ಪ್ಯಾರಿಸ್ಸಿಗೆ. ಆದರೆ ಅದಕ್ಕೆ ಯಾವುದಾದರೂ ಒಂದು ಕಡೆ ನಿಲ್ಲಬೇಕು. ಓಡೋನ್‌ನಿಗೆ ಭಯವಾಯಿತು. ಯಾರನ್ನೂ ನೋಯಿಸದ ಸಂಖ್ಯೆಯೊಂದನ್ನು ಅಭ್ಯಾಸವೇ ಹುಡುಕಿಕೊಟ್ಟಿತು: ಎರಡನ್ನೂ ಕೂಡಿಸಿ, ಅರ್ಧ ಮಾಡಿ.

"ಅರವತ್ತೆರಡು ಪಾಯಿಂಟ್ ಒಂದು."

"ಹಾಗಾದ್ರೆ ಅದೇ," ಎಂದು ಡಾಕ್ಟರು ಬರೆದುಕೊಂಡರು. "ಮೇಷ್ಟ್ರು ಅಂದ್ರೆ ಮೇಷ್ಟ್ರೇ. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ."

ಗೆರೋ ಹೆಗಲಿಗೆ ಟವೆಲ್ ಹಾಕಿಕೊಂಡು ಬಂದ. ಸುದ್ದಿ ಆಗಲೇ ಮುಟ್ಟಿತ್ತು.

"ಚೂರಲ್ಲಿ ಹೋಯ್ತು, ಮೇಷ್ಟ್ರೇ."

"ಹೂಂ."

"ನಿಮ್ಮ ಗಡಿಯಾರದ್ದೇ ಹಿಡಿದ್ರಂತೆ."

"ಹಾಗೆ ಬಂತು."

"ಬೇರೆಯೋರದ್ದಾಗಿದ್ರೆ ಜಗಳ ಆಡ್ತಿದ್ದೆ. ನೀವು ಹೇಳಿದ್ಮೇಲೆ ಮುಗೀತು."

ಕೈ ಚಾಚಿದ. ಒದ್ದೆ ಕೈ, ಉಗುರಿನ ಸಂದಿಯಲ್ಲಿ ಇನ್ನೂ ಹಿಟ್ಟಿನ ಬಿಳುಪು. ಇವನು ನನ್ನನ್ನು ಬಯ್ಯಬಾರದೆ ಎನ್ನಿಸಿತು ಓಡೋನ್‌ನಿಗೆ. ನೆಗಡಿ ಮಾಡಿಕೊಳ್ಳಬೇಡ ಎಂದು ಹೇಳಿ ಹೊರಟುಬಂದ.

ಟ್ರಾಮಿನಲ್ಲಿ ಗಡಿಯಾರ ತೆಗೆದು ಮೊದಲ ಸಲ ಸರಿಯಾಗಿ ನೋಡಿದ. ಒಂದು ಸೆಕೆಂಡಿಗೂ ಇನ್ನೊಂದಕ್ಕೂ ನಡುವೆ ನಾಲ್ಕೇ ಗೆರೆ: ಎರಡು, ನಾಲ್ಕು, ಆರು, ಎಂಟು. ಒಂದು ಎಂಬುದೇ ಇಲ್ಲ. ಮೂವರ ಗಡಿಯಾರವೂ ಒಂದೇ ಪೆಟ್ಟಿಗೆಯಿಂದ ಬಂದವು. ಇಲ್ಲದ ಸಮಯವನ್ನು ಅವನು ಹೇಳಿದ್ದ. ಇಬ್ಬರು ಮರ್ಯಾದಸ್ಥರು ಅದನ್ನು ಕೇಳಿ, ತಲೆಯಾಡಿಸಿ, ರುಜು ಹಾಕಿದ್ದರು.

ತಂಡದ ಪಟ್ಟಿ ಐದು ಗಂಟೆಗೆ ಮುಚ್ಚುತ್ತದೆ. ಈಗ ನಾಲ್ಕೂಕಾಲು. ಇಳಿದು ಹಿಂದಕ್ಕೆ ಹೋಗಬಹುದು. ಗಡಿಯಾರ ಮೇಜಿನ ಮೇಲಿಟ್ಟರೆ ಸಾಕು, ಬಾಯಿ ಬಿಡಬೇಕಾಗಿಯೂ ಇಲ್ಲ.

ಅದಕ್ಕೆ ಮೊದಲು, ಒಂದೇ ಸಲ, ನೋಡಿಬಿಡೋಣ ಎಂದು ಗುಂಡಿ ಒತ್ತಿದ. ಮುಳ್ಳು ಓಡಿತು. ಮತ್ತೆ ಒತ್ತಿದ. ಎಂಟರ ಮೇಲೆ ನಿಂತಿತು. ಸೊನ್ನೆಗೆ ತಂದು ಇನ್ನೊಮ್ಮೆ. ಎರಡು. ಬೆರಳು ಈಗ ಎಷ್ಟು ಚುರುಕಾಗಿತ್ತು.

ಟ್ರಾಮು ಸೇತುವೆ ದಾಟಿತು. ಮನೆಯ ನಿಲ್ದಾಣವೂ ದಾಟಿತು. ಕಂಡಕ್ಟರು ಬಂದು ಎಲ್ಲಿ ಇಳೀತೀರಿ ಎಂದ.

"ಇಳೀತೀನಿ," ಎಂದ ಓಡೋನ್, ತಲೆಯೆತ್ತದೆ.

ಮತ್ತೆ ಒತ್ತಿದ. ಮುಳ್ಳು ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಹಾರುತ್ತಲೇ ಇತ್ತು. ನಡುವೆ ಮಾತ್ರ ಅದಕ್ಕೆ ನಿಲ್ಲಲು ಜಾಗವಿರಲಿಲ್ಲ.