ಎಂಟೊಲೆ

ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತ ಸೊಸೆ ಒಂದೇ ಪದವನ್ನು ಗುನುಗುತ್ತಿದ್ದಳು. "ಎಂಟೊಲೆ, ಎಂಟೊಲೆ." ಸಂಜೆ ತರಗತಿಯಲ್ಲಿ ಕಲಿಯುತ್ತಿದ್ದ ಹಳೆಯ ಗ್ರೀಕಿನಲ್ಲಿ, ಕ್ರೈಸ್ತ ಧರ್ಮಗ್ರಂಥದ ಆಜ್ಞೆಗಳಿಗೆ ಇರುವ ಪದ ಅದು. ಅಂದು ಸಂಜೆ ಎಲ್ಲರೆದುರು ನಿಂತು ಅದರ ಅರ್ಥ ಬಿಡಿಸಿ ಹೇಳಿದರೆ ಮಾತ್ರ ಮುಂದಿನ ತರಗತಿ ಎಂದಿದ್ದರು ಮೇಷ್ಟ್ರು. ಹೋದ ವರ್ಷ ಅವಳು ಬಾಯಿ ಕಟ್ಟಿದಂತಾಗಿ ಸುಮ್ಮನೆ ಬಂದು ಕುಳಿತಿದ್ದಳು.

ಆ ಅಡುಗೆಮನೆಗೆ ಅತ್ತೆಯೇ ಯಜಮಾನಿ. "ಎಂಟು ಒಲೆಯಂತೆ," ಅಂದಳು. "ಇಲ್ಲಿರೋದೇ ಆರು. ಇನ್ನೆರಡು ಎಲ್ಲಿಂದ ತರ್ತೀಯೇ?"

"ಒಲೆ ಅಲ್ಲ ಅತ್ತೆ, ಆಜ್ಞೆ."

"ಆಜ್ಞೆ ಮಾಡೋಕೆ ನಂಗೂ ಬರುತ್ತೆ. ಮೊದ್ಲು ಆ ಮುಚ್ಚಳ ತೆಗಿ, ಉಕ್ತಾ ಇದೆ."

ಮಧ್ಯಾಹ್ನ ಮಂಡಿ ತೋರಿಸಲು ಅತ್ತೆ ಮೇಲಿನ ಮಹಡಿಗೆ ಹೊರಟಳು. ಯಾರ ಕೈಗೂ ಕೊಡದ ತನ್ನ ಉದ್ದನೆಯ ಸೌಟನ್ನು ಸೊಸೆಯ ಕೈಗಿಟ್ಟಳು. "ಮೂರನೇ ಒಲೆ ಮೇಲಿಂದಕ್ಕೆ ಉಪ್ಪು ಬೇಡ, ಅದು ಪಥ್ಯದ ರೋಗಿಗಳಿಗೆ. ಉಳಿದಿದ್ದು ನಿಂಗೇ ಗೊತ್ತು." ದಿನವೂ ಬಾಗಿಲಲ್ಲಿ ನಿಂತು ಹೇಳಿದ್ದನ್ನೇ ಹೇಳುವವಳು ಅಂದು ತಿರುಗಿಯೂ ನೋಡಲಿಲ್ಲ.

ಸಂಜೆ ಎಲ್ಲರೆದುರು ನಿಂತು ಸೊಸೆ ಪದ ಹೇಳಿದ್ದೇ ತಡ, ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಗ್ಯಾಸೋ, ಸೌದೆಯೋ?" ತರಗತಿ ಗೊಳ್ಳೆಂದಿತು. ಬಾಯಿಪಾಠ ಮಾಡಿದ್ದೆಲ್ಲ ಆವಿಯಾಯಿತು. ಬಲಗೈ ಮಾತ್ರ ಇನ್ನೂ ಸೌಟು ಹಿಡಿದಂತೆಯೇ ಮಡಚಿಕೊಂಡಿತ್ತು.

"ಗ್ಯಾಸೇ," ಅಂದಳು. ಮತ್ತೆ ನಗು, ಈ ಸಲ ಅವಳೂ ನಕ್ಕಳು.

"ನಮ್ಮತ್ತೆ ದಿನಾ ಅಪ್ಪಣೆ ಮಾಡ್ತಾರೆ. ಇವತ್ತು ಸೌಟು ಕೊಟ್ಟು ಹೋದ್ರು. ಉಪ್ಪು ಬೇಡ ಅಂದಿದ್ದೂ ಅಪ್ಪಣೆನೇ, ಆದ್ರೆ ಸೌಟಿನ ಜೊತೆ ಬಂದಾಗ ಅದು ನನಗೆ ವಹಿಸಿದ ಕೆಲಸ ಆಯ್ತು. ಗ್ರಂಥದಲ್ಲಿ ಒಬ್ಬರು ದೂರದೂರಿಂದ ಜೊತೆಗಾರರಿಗೆ ಬೇಗ ಬನ್ನಿ ಅಂತ ಹೇಳಿಕಳಿಸ್ತಾರೆ, ಅಲ್ಲೂ ಇದೇ ಪದ. ಒಬ್ರನ್ನೊಬ್ರು ಪ್ರೀತಿಸಿ ಅನ್ನೋ ಕಡೆನೂ ಇದೇ. ಬರೀ ಹೆದರಿಸೋಕೆ ಹೇಳಿದ್ದಲ್ಲ ಸರ್. ನಂಬಿ ಒಪ್ಪಿಸಿದ್ದು."

"ಮೀರಿದ್ರೆ?" ಮೇಷ್ಟ್ರು ಬಿಡಲಿಲ್ಲ.

"ಉಪ್ಪು ಬೀಳುತ್ತೆ ಸರ್. ತಿನ್ನೋರು ರೋಗಿಗಳು."

ಮೇಷ್ಟ್ರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಮುಂದಿನ ತರಗತಿಯಲ್ಲಿ ಮುಂದಿನ ಬೆಂಚಲ್ಲೇ ಕೂತ್ಕೊಳ್ಳಮ್ಮ." ಮೊದಲು ಚಪ್ಪಾಳೆ ತಟ್ಟಿದವನು ಗ್ಯಾಸೋ ಎಂದು ಕೇಳಿದವನೇ.

ಮನೆವರೆಗೂ ಅವಳ ಕಾಲು ನೆಲದ ಮೇಲಿರಲಿಲ್ಲ. ಅತ್ತೆ ಮಂಡಿಗೆ ಪಟ್ಟಿ ಸುತ್ತಿಕೊಂಡು ಕಾದಿದ್ದಳು.

"ಇನ್ನೆರಡು ಒಲೆ ಸಿಕ್ತೇನೇ?"

"ಸಿಕ್ತು ಅತ್ತೆ."

"ಹಾಗಾದ್ರೆ ನಾಳೆಯಿಂದ ಎಂಟನ್ನೂ ನೀನೇ ಹಚ್ಚು," ಅಂದಳು ಅತ್ತೆ. ಸೌಟನ್ನು ವಾಪಸ್ ಕೇಳಲೇ ಇಲ್ಲ.