ಸುರಕ್ಷಿತ ಸಿಂಪಡಣೆ

ಒಂದು ಎಕರೆ ಸೋಯಾಬೀನಿಗೆ ಒಂದು ಸಲ ಕೀಡೆ ಸಾಯಿಸುವ ಎಣ್ಣೆ ಹೊಡೆಸಲು ಹಿಡಿಯುವ ಖರ್ಚು ಇಷ್ಟು: ಎಣ್ಣೆಗೆ ಒಂಬೈನೂರು, ಹೊಡೆಯುವ ಕಾಶೀಮಣ್ಣನಿಗೆ ಐದು ನೂರು, ನೀರು ಹೊತ್ತು ಪಂಪು ತುಂಬುವ ನನಗೆ ಮುನ್ನೂರು. ಕಾಶೀಮಣ್ಣನ ಕಣ್ಣಿಗೆ, ಎದೆಗೂಡಿಗೆ ಖರ್ಚಿಲ್ಲ. ಅವನ್ನು ಅವನು ಮನೆಯಿಂದಲೇ ತರುತ್ತಾನೆ.

ಹಿಂದಿನ ವಾರ ತೇರಗಾಂವದ ಇದೇ ಹೊಲದಲ್ಲಿ ಎಣ್ಣೆ ಹೊಡೆದು, ಬದುವಿನ ಮೇಲೆ ಕುಸಿದು ಕೂತು ವಾಂತಿ ಮಾಡಿಕೊಂಡಿದ್ದ. ಎರಡು ದಿನ ಕಣ್ಣು ಮಂಜಾಗಿತ್ತು. ಮಾಸ್ಕಿಲ್ಲದೆ ಇನ್ನೊಮ್ಮೆ ಪಂಪು ಹೊತ್ತರೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆ ಮಾತನ್ನು ಅವನು ಹೊಲದ ಒಡೆಯ ದುಂಡೇಶ ಸಾವಕಾರರಿಗೆ ಮುಟ್ಟಿಸಿದ.

"ಏ ಭಾಡ್ಯಾ, ಆ ಎಣ್ಣಿಗೆ ಕೀಡೀನ ಸಾಯವಲ್ವು, ನೀ ಸಾಯ್ತಿ? ಅಡವ್ಯಾಗ ಹುಟ್ಟಿದ ಸಿದ್ದಿ ಅದಿಯೋ, ಪ್ಯಾಟಿ ಹುಡಗಿಯೋ? ಮುಖಕ್ಕ ಟಾವೆಲ್ ಸುತ್ಗೊ."

"ಟಾವೆಲ್ ಎಣ್ಣ್ಯಾಗ ತೊಯ್ದು ಮೂಗಿಗೆ ಹತ್ತತೈತ್ರಿ ಸಾವ್ಕಾರ್ರ."

"ಹಂಗಾರ ಉಸಿರು ಬಿಗಿ ಹಿಡದು ಹೊಡಿ."

ಸಾವಕಾರರಿಗೆ ಎಲ್ಲ ರೋಗಕ್ಕೂ ಮದ್ದು ಗೊತ್ತು.

ಈ ಹೊತ್ತು ಔಷಧ ಕಂಪನಿಯ ಉದಯಕುಮಾರ ಸಾಹೇಬರು ಜೀಪಿನಲ್ಲಿ ಬಂದರು. ಬದುವಿಗೆ ಬ್ಯಾನರ್ ಕಟ್ಟಿಸಿದರು. "ಸುರಕ್ಷಿತ ಸಿಂಪಡಣೆ, ಸುಖೀ ರೈತ." ಒಬ್ಬ ರೈತ, ಇಬ್ಬರು ಕೂಲಿಗಳ ಮುಂದೆ ನಿಂತು "ರೈತ ಬಾಂಧವರೇ" ಎಂದು ಭಾಷಣ ಸುರು ಮಾಡಿದರು. ಚಿಟ್ಟೆ ಎಲೆಯ ಕೆಳಗೆ ಗುಂಪಾಗಿ ತತ್ತಿ ಇಡುತ್ತದೆ, ತತ್ತಿ ಒಡೆದು ಮರಿ ಬಂದಾಗ ಎಲೆ ಜರಡಿಯಾಗುತ್ತದೆ, ಆಗಲೇ ಆ ಎಲೆ ಕಿತ್ತು ನಾಶ ಮಾಡಿದರೆ ಅರ್ಧ ಎಣ್ಣೆ ಉಳಿಯುತ್ತದೆ ಎಂದರು. ಸಾವಕಾರರು ತಲೆದೂಗಿದರು. ಹದಿನೈದು ದಿನದ ಕೆಳಗೆ ಇದನ್ನೇ ನಾನು ಹೇಳಿದಾಗ, "ಕಳೇ ಕೀಳಾಕ ಕರದೇನಿ, ಶಾಣ್ಯಾತನಾ ಹೇಳಾಕಲ್ಲ" ಎಂದಿದ್ದರು.

ಆಮೇಲೆ ಸಾಹೇಬರು ಡಬ್ಬಿ ಬಿಚ್ಚಿದರು. ಮಾಸ್ಕು, ದೊಡ್ಡ ಕನ್ನಡಕ, ಮೊಳಕೈವರೆಗಿನ ಕೈಗವಸು. ಕಾಶೀಮಣ್ಣ ಹಬ್ಬದ ಅಂಗಿ ಕಂಡ ಮಗುವಿನಂತೆ ನೋಡಿದ. ಸಾಹೇಬರೇ ಅವನಿಗೆ ಎಲ್ಲವನ್ನೂ ತೊಡಿಸಿದರು.

"ಏ ಮಾರ್ಗರೀಟಾ, ಪಂಪಿಗೆ ಬರೇ ನೀರು ಹಾಕು," ಸಾವಕಾರರು ನನಗೆ ಕೂಗಿದರು. "ಫೋಟೋಕ್ಕ ಯಾಕ ಎಣ್ಣಿ ಹಾಳ ಮಾಡ್ತಿ?"

ಕಾಶೀಮಣ್ಣ ಬಾವಿಯ ನೀರನ್ನು ಬಹಳ ಸುರಕ್ಷಿತವಾಗಿ ಸಿಂಪಡಿಸಿದ.

"ಸ್ವಲ್ಪ ನಗ್ರಿ," ಎಂದರು ಮೊಬೈಲು ಹಿಡಿದ ಸಾಹೇಬರು. ಮಾಸ್ಕಿನೊಳಗೆ ಅವನು ನಕ್ಕನೋ ಇಲ್ಲವೋ ದೇವರೇ ಬಲ್ಲ.

ಫೋಟೋ ಆಯಿತು. "ಈಗ ಎಲ್ಲಾ ತಗೀರಿ. ಎರಡಕ್ಕ ಮಳಗಿ ಊರಾಗ ಪ್ರೋಗ್ರಾಮ್ ಐತಿ, ಇರೂದು ಇದೊಂದ ಸೆಟ್ಟು."

"ಎಣ್ಣಿ ಹೊಡಿಯೂದು ಈಗ ಸುರು ಆಗತೈತ್ರಿ ಸಾಹೇಬ್ರ," ಎಂದ ಕಾಶೀಮಣ್ಣ.

"ನಾ ಏನ್ ಮಾಡ್ಲಿ? ಕಂಪನೀದು. ಹಾಂ, ಸಾವ್ಕಾರ್ರ, ನೀವೂ ಒಮ್ಮಿ ಹಾಕ್ಕೊಳ್ರಿ. ರೈತರ ಫೋಟೋ ಒಂದು ಬೇಕು."

ಸಾವಕಾರರು ಎರಡು ಹೆಜ್ಜೆ ಹಿಂದೆ ಸರಿದರು. "ಥೂ! ಈ ಸಿದ್ದಿ ಬಾಯಿಗೆ ಹತ್ತಿದ್ದು! ಇವನ ಎಂಜಲಾ ನಾ ಮೂಗಿಗೆ ಹಚ್ಗೋಬೇಕಾ? ಕನ್ನಡಕ, ಹ್ಯಾಂಡಗ್ಲೋಸ್ ಅಷ್ಟ ಕೊಡ್ರಿ."

"ಹಂಗೆಲ್ಲಾ ಅನಬಾರದ್ರಿ ಸಾವ್ಕಾರ್ರ, ಕಾಲ ಬದಲಾಗೇತಿ," ಎಂದರು ಸಾಹೇಬರು. ಅನ್ನುತ್ತಲೇ ಪ್ಲಾಸ್ಟಿಕ್ ಚೀಲವೊಂದರ ಬಾಯಿ ತೆರೆದು, ಮಾಸ್ಕನ್ನು ಅದರಲ್ಲಿ ಹಾಕೆಂದು ತೋಳುದ್ದ ದೂರದಿಂದ ಕಾಶೀಮಣ್ಣನತ್ತ ಚಾಚಿದರು.

ಕಾಶೀಮಣ್ಣ ಚೀಲ ನೋಡಿದ. ಪಂಪು ಇಳಿಸಿದ. ಮಾಸ್ಕು ತೆಗೆದು ಒಳಗೆಲ್ಲ ನಿಧಾನವಾಗಿ ನಾಲಿಗೆ ಆಡಿಸಿದ. ಕನ್ನಡಕದ ಗಾಜು ಎರಡೂ ನೆಕ್ಕಿದ. ಕೈಗವಸು ಕಳಚಿ, ಒಂದರಲ್ಲಿ ಉಗುಳಿದ, ಇನ್ನೊಂದರಲ್ಲೂ ಉಗುಳಿದ.

"ಈಗ ಎಲ್ಲಾ ಎಂಜಲಾತ್ರಿ. ಯಾರಿಗೆ ಬೇಕು? ಕೈ ಒಡ್ರಿ."

ಯಾರೂ ಒಡ್ಡಲಿಲ್ಲ. ಸಾಹೇಬರು ಚೀಲವನ್ನೂ ಹಿಂದಕ್ಕೆಳೆದುಕೊಂಡರು.

"ಮಳಗ್ಯಾಗ ನಾ ಏನ್ ತೋರಸ್ಲಿ?"

"ಫೋಟೋ ಐತೆಲ್ರಿ," ಎಂದೆ ನಾನು. "ಚಂದ ಬಂದಿರಬೇಕು."

"ಬೋಳಿಮಗನ! ನಾಳಿಂದ ಈ ಊರ ಹೊಲದಾಗ ಹೆಂಗ ಕಾಲಿಡ್ತಿ ನೋಡ್ತೇನಿ," ಸಾವಕಾರರು ಕೂಗಿದರು. "ಆಕೀನೂ ಅಷ್ಟ!"

"ನಾಳಿತನಾ ಯಾಕ್ರಿ?" ಕಾಶೀಮಣ್ಣ ಮಾಸ್ಕು, ಕನ್ನಡಕ ಕೊರಳಿಗೆ ಹಾಕಿಕೊಂಡು, ಕೈಗವಸುಗಳನ್ನು ಅಂಗಿಯೊಳಗೆ ತುರುಕಿಕೊಂಡ. "ನಡಿ ತಂಗಿ, ಹೋಗೂಣು."

ನಾನು ನನ್ನ ಕೊಡದ ನೀರನ್ನು ಬದುವಿಗೆ ಸುರಿದು ಅವನ ಹಿಂದೆ ನಡೆದೆ. ಹೊಲದಲ್ಲಿ ಕೀಡೆಗಳು ಎಲೆ ಮೇಯುತ್ತಿದ್ದವು. ಅವುಗಳ ಮೈಗೆ ಬಿದ್ದದ್ದು ಬರೀ ನೀರು.

ಒಂದು ಮಾಸ್ಕು, ಒಂದು ಕನ್ನಡಕ, ಒಂದು ಜೊತೆ ಕೈಗವಸು ಸಿಕ್ಕವು. ಆ ದಿನದ ಇಬ್ಬರ ಕೂಲಿ ಹೋಯಿತು. ತೇರಗಾಂವದಲ್ಲಿ ಈ ಹಂಗಾಮಿನ ಕೆಲಸವೂ ಹೋಯಿತು.